ಚಿತ್ರದ ಮೇಷ್ಟ್ರನ್ನು ಕೇಳಿ: ಊರು ಬಿಟ್ಟು ಬಂದವರ ಹಜಾರದಲ್ಲಿ

ಕಳೆದ ಸಂಚಿಕೆಯಲ್ಲಿ ಚಿತ್ರಕಾರ ಕೆ. ಕೆ. ಹೆಬ್ಬಾರರ ಬಗ್ಗೆ ಬರೆದಿದ್ದೆ. ಅವರ ಕಾಲದ ಬೊಂಬಾಯಿಯಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಜರ್ಮನ್ ಮಾತಿನ ಕೆಲವರಿದ್ದರು, ಆಕಾಶವಾಣಿಯ ಬೆಳಗಿನ ರಾಗವೂ ಅಂಥವರೊಬ್ಬರದ್ದೇ ಅಂತ ಅದರಲ್ಲಿ ಎರಡೇ ಸಾಲು ಇತ್ತು. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದೇ ವಿಷಯಕ್ಕೆ. ಜಲವರ್ಣದ ಕಾಗದ, ಬಣ್ಣ ಒಡೆಯುವ ತೊಂದರೆ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ತಿಂಗಳು ಖಂಡಿತ ಬರೆಯುತ್ತೇನೆ.

ಪ್ರಶ್ನೆ: ನಮ್ಮೂರ ಫಿಲ್ಮ್ ಸೊಸೈಟಿಯಲ್ಲಿ ಒಂದು ಹಳೆಯ ಸಾಕ್ಷ್ಯಚಿತ್ರ ತೋರಿಸಿದರು. 1970ರ ದಶಕದ ನ್ಯೂಯಾರ್ಕ್. ಅದರಲ್ಲಿ ಒಂದು ಕಡೆ ಅಂಡರ್‌ಗ್ರೌಂಡ್ ಕಲಾವಿದರು, ಇನ್ನೊಂದು ಕಡೆ ಜರ್ಮನಿಯಿಂದ ಬಂದು ನೆಲೆಸಿದ ವಯಸ್ಸಾದವರು. ನಿಮ್ಮ ಲೇಖನ ಓದಿದಾಗ ಅದು ನೆನಪಾಯಿತು. ಇವರಿಗೂ ಅವರಿಗೂ ಏನು ಸಂಬಂಧ? ಅಂಡರ್‌ಗ್ರೌಂಡ್ ಅಂದರೆ ಭೂಗತರು ಅಂತಲೇ?
– ಕಾಲೇಜು ವಿದ್ಯಾರ್ಥಿನಿ, ಸಾಗರ

ಉತ್ತರ: ಮೊದಲು ಆ ಪದ. ಪತ್ರಿಕೆ ಓದುವ ನಮಗೆ 'ಭೂಗತ' ಅಂದ ಕೂಡಲೇ ಪಾತಕಿಗಳು ನೆನಪಾಗುತ್ತಾರೆ. ಇಲ್ಲಿ ಹಾಗಲ್ಲ. ದೊಡ್ಡ ಗ್ಯಾಲರಿ ಇವರನ್ನು ಒಳಗೆ ಬಿಡಲಿಲ್ಲ. ದೊಡ್ಡ ನಾಟಕಮಂದಿರದ ಬಾಡಿಗೆ ಕಟ್ಟುವ ಶಕ್ತಿ ಇರಲಿಲ್ಲ. ಹಾಗಾಗಿ ಮನೆಯ ಹಜಾರದಲ್ಲಿ, ಖಾಲಿ ಗೋದಾಮಿನಲ್ಲಿ ಆಡಿದರು, ಚಿತ್ರ ಬರೆದರು, ಸಿನಿಮಾ ತೋರಿಸಿದರು. ಕೆಲವು ಸಲ ಪದ ಇದ್ದ ಹಾಗೇ ನಿಜ. ಎಲೆನ್ ಸ್ಟುವರ್ಟ್ 1961ರಲ್ಲಿ ಲಾ ಮಾಮಾ ರಂಗಮಂದಿರ ಶುರು ಮಾಡಿದ್ದು ಈಸ್ಟ್ 9ನೇ ಬೀದಿಯ ಒಂದು ನೆಲಮಾಳಿಗೆಯಲ್ಲಿ.

ಇನ್ನು ಜರ್ಮನ್ನರು. ಮಗಳು ನ್ಯೂಜೆರ್ಸಿಯಲ್ಲಿದ್ದಾಗ ನಾನೂ ಮನೆಯವರೂ ಎರಡು ತಿಂಗಳು ಅಲ್ಲಿದ್ದೆವು. ಲಾ ಮಾಮಾ ಇರುವ ಬಡಾವಣೆ ನೋಡಲೇಬೇಕು ಅಂತ ಒಂದು ದಿನ ಹಟ ಹಿಡಿದು ಹೋದೆ. ಸೆಕೆಂಡ್ ಅವೆನ್ಯೂನಲ್ಲಿ ನಡೆಯುತ್ತಿದ್ದವನು ಒಂದು ಕೆಂಪು ಕಟ್ಟಡದ ಮುಂದೆ ನಿಂತುಬಿಟ್ಟೆ. ಸಣ್ಣ ಲೈಬ್ರರಿ. ಇಟ್ಟಿಗೆ ಗೋಡೆಯ ಮೇಲೆ ಸುಟ್ಟ ಮಣ್ಣಿನ ಅಲಂಕಾರ, ಥೇಟ್ ನಮ್ಮ ಮಂಗಳೂರು ಹೆಂಚಿನ ಬಣ್ಣ. ಬಾಗಿಲ ಮೇಲೆ ಜರ್ಮನ್‌ನಲ್ಲಿ ಬರೆದಿತ್ತು: 'ಫ್ರೈಯ ಬಿಬ್ಲಿಯೋಥೇಕ್ ಉಂಡ್ ಲೇಸೆಹಾಲೆ'. ಉಚಿತ ಪುಸ್ತಕಾಲಯ ಮತ್ತು ಓದುಮನೆ. 1884ರದ್ದು. ಒಳಗೆ ಹೋದರೆ ಮಕ್ಕಳು ಇಂಗ್ಲಿಷ್ ಪುಸ್ತಕ ತಿರುವಿ ಹಾಕುತ್ತಾ ಕೂತಿದ್ದರು. ಜರ್ಮನ್ ಓದುವವರು ಯಾರೂ ಕಾಣಲಿಲ್ಲ. ಅಕ್ಷರ ಮಾತ್ರ ಉಳಿದಿದೆ.

19ನೇ ಶತಮಾನದಲ್ಲಿ ಆ ಬಡಾವಣೆಗೆ 'ಚಿಕ್ಕ ಜರ್ಮನಿ' ಅಂತಲೇ ಹೆಸರು. 1904ರ ಜೂನ್ 15ರಂದು ಅಲ್ಲಿನ ಒಂದು ಚರ್ಚಿನವರು ಹಬ್ಬದೂಟಕ್ಕೆ ಜನರಲ್ ಸ್ಲೋಕಮ್ ಎಂಬ ಹಡಗು ಹತ್ತಿದರು. ಹಡಗಿಗೆ ಬೆಂಕಿ ಬಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಗಂಡಸರು ಕೆಲಸಕ್ಕೆ ಹೋಗಿದ್ದ ದಿನ ಅದು. ಸಂಜೆ ಮನೆಗೆ ಬಂದರೆ ಮನೆ ಖಾಲಿ. ಆಮೇಲೆ ಉಳಿದವರೂ ಆ ಬೀದಿಯಲ್ಲಿ ಇರಲಾರದೆ ಊರಿನ ಮೇಲ್ಭಾಗಕ್ಕೆ ಹೋದರು. ಆ ಮನೆಗಳಿಗೆ ಬೇರೆ ಬೇರೆ ದೇಶದ ಬಡವರು ಬಂದರು. ಬಾಡಿಗೆ ಕಡಿಮೆಯೇ ಇತ್ತು. ಅದೇ ಕಡಿಮೆ ಬಾಡಿಗೆ 1960ರ ಹೊತ್ತಿಗೆ ಕಲಾವಿದರನ್ನೂ ಅಲ್ಲಿಗೆ ಕರೆಯಿತು. ಒಂದು ಸಂಬಂಧ ಇದು.

ಇನ್ನೊಂದು ಸಂಬಂಧ ಹಿಟ್ಲರ್ ಓಡಿಸಿದವರದ್ದು. ನನಗೆ ಇದೇ ಹೆಚ್ಚು ಮುಖ್ಯ. ಎರ್ವಿನ್ ಪಿಸ್ಕಾಟರ್ ಬರ್ಲಿನ್‌ನ ದೊಡ್ಡ ನಾಟಕ ನಿರ್ದೇಶಕ. ನ್ಯೂಯಾರ್ಕಿಗೆ ಬಂದು 1940ರಲ್ಲಿ ನಾಟಕದ ತರಗತಿ ಶುರು ಮಾಡಿದರು. ಅಲ್ಲಿ ಕಲಿತ ಹುಡುಗಿ ಜೂಡಿತ್ ಮಲೀನಾ. ಅವರೂ ಜರ್ಮನಿಯ ಕೀಲ್ ಪಟ್ಟಣದಲ್ಲಿ ಹುಟ್ಟಿದವರು. ತಂದೆ ಯಹೂದಿ ಧರ್ಮಗುರು. ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದರು. ಜೂಲಿಯನ್ ಬೆಕ್ ಜೊತೆ 1947ರಲ್ಲಿ ಅವರು ಕಟ್ಟಿದ್ದೇ ಲಿವಿಂಗ್ ಥಿಯೇಟರ್. ಆ ಊರಿನ ಅಂಡರ್‌ಗ್ರೌಂಡ್ ರಂಗಭೂಮಿಗೆ ಅದು ತಾಯಿಬೇರು. 1963ರಲ್ಲಿ ತೆರಿಗೆ ಬಾಕಿ ಅಂತ ಸರ್ಕಾರ ಅವರ ಮಂದಿರಕ್ಕೆ ಬೀಗ ಹಾಕಿತು.

ಸಿನಿಮಾದಲ್ಲೂ ಹೀಗೇ. ಹಾನ್ಸ್ ರಿಕ್ಟರ್ ಬರ್ಲಿನ್‌ನಲ್ಲಿ ಪ್ರಯೋಗದ ಚಿತ್ರ ಮಾಡುತ್ತಿದ್ದವರು. 1941ರಲ್ಲಿ ನ್ಯೂಯಾರ್ಕ್ ಸೇರಿ ಸಿಟಿ ಕಾಲೇಜಿನಲ್ಲಿ ಸಿನಿಮಾ ಪಾಠ ಮಾಡಿದರು. ಆ ತರಗತಿಗೆ ಹೋದವರಲ್ಲಿ ಯೋನಾಸ್ ಮೇಕಸ್ ಒಬ್ಬರು. ಲಿಥುವೇನಿಯಾದ ರೈತರ ಮಗ, ಯುದ್ಧ ಮುಗಿದ ಮೇಲೆ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿದ್ದು 1949ರಲ್ಲಿ ಬಂದವರು. ಬಂದ ಕೆಲವೇ ವಾರಕ್ಕೆ ಸಾಲ ಮಾಡಿ ಒಂದು ಬೋಲೆಕ್ಸ್ ಕ್ಯಾಮೆರಾ ಕೊಂಡರು. ಆಮೇಲೆ ಯಾರೂ ತೋರಿಸದ ಸಿನಿಮಾಗಳನ್ನು ಕೂಡಿಡುವುದು, ಹಂಚುವುದು, ತೋರಿಸುವುದೇ ಅವರ ಬದುಕಾಯಿತು.

ಹಾಗಾಗಿ ನೀವು ನೋಡಿದ ಚಿತ್ರದಲ್ಲಿ ಎರಡು ಬೇರೆ ಬೇರೆ ಗುಂಪು ಇಲ್ಲ. ಒಬ್ಬರ ಹಜಾರದಲ್ಲಿ ಇನ್ನೊಬ್ಬರು ಕೂತು ಬೆಳೆದಿದ್ದಾರೆ. ಇನ್ನೊಮ್ಮೆ ನೋಡುವ ಅವಕಾಶ ಸಿಕ್ಕರೆ ಆ ವಯಸ್ಸಾದವರ ಮನೆಯೊಳಗೆ ಗೋಡೆಯ ಮೇಲೆ ಏನಿದೆ, ಕಪಾಟಿನಲ್ಲಿ ಯಾವ ಪುಸ್ತಕ ಇದೆ ಅಂತ ಗಮನಿಸಿ.

ಪ್ರಶ್ನೆ: ಬೊಂಬಾಯಿಯಲ್ಲಿದ್ದ ಆ ಜರ್ಮನ್ನರು ಯಾರು? ನಮ್ಮ ಚಿತ್ರಕಾರರಿಗೂ ಅವರಿಗೂ ಗಂಟು ಬಿದ್ದಿದ್ದು ಹೇಗೆ? ಸ್ವಲ್ಪ ಬಿಡಿಸಿ ಬರೆಯಿರಿ.
– ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ

ಉತ್ತರ: ಮೂವರ ಹೆಸರು ನೆನಪಿಟ್ಟುಕೊಳ್ಳಿ ರಾಯರೇ. ವಾಲ್ಟರ್ ಲಾಂಗ್‌ಹ್ಯಾಮರ್, ರೂಡಿ ಫಾನ್ ಲೈಡನ್, ಎಮಾನುಯೆಲ್ ಶ್ಲೆಸಿಂಗರ್. ಲೈಡನ್ ಬರ್ಲಿನ್‌ನವರು. ಇನ್ನಿಬ್ಬರು ವಿಯೆನ್ನಾದಿಂದ ಬಂದವರು. ಮಾತು ಜರ್ಮನ್, ಬಂದ ಕಾರಣವೂ ಒಂದೇ.

ಲೈಡನ್ ಮೊದಲು ಬಂದರು, 1933ರಲ್ಲಿ. ಓದಿದ್ದು ಭೂವಿಜ್ಞಾನ, ಅದರಲ್ಲಿ ಡಾಕ್ಟರೇಟ್. ಅಣ್ಣ ಆಗಲೇ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದರು. ಕಲ್ಲು ಪರೀಕ್ಷೆ ಮಾಡಬೇಕಾದವರು ಇಲ್ಲಿ ಜಾಹೀರಾತಿನ ಕೆಲಸ ಮಾಡಿದರು, ವ್ಯಂಗ್ಯಚಿತ್ರ ಬರೆದರು, ಆಮೇಲೆ ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾ ವಿಮರ್ಶೆ ಬರೆದರು. ಲಾಂಗ್‌ಹ್ಯಾಮರ್ ವಿಯೆನ್ನಾದಲ್ಲಿ ಚಿತ್ರಕಲೆ ಮೇಷ್ಟ್ರು. ಹೆಂಡತಿ ಕೇಟೆ ಯಹೂದಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದ ಮೇಲೆ ಇಬ್ಬರೂ ಬೊಂಬಾಯಿಗೆ ಬಂದರು. ಅವರು ಟೈಮ್ಸ್‌ನ ಕಲಾ ನಿರ್ದೇಶಕರಾದರು. ಶ್ಲೆಸಿಂಗರ್ ಬಂದು ಇಂಡೋ-ಫಾರ್ಮಾ ಎಂಬ ಔಷಧ ಕಂಪನಿ ಕಟ್ಟಿದರು. ಕೈಗೆ ದುಡ್ಡು ಬಂದ ಹಾಗೆ ಹೊಸ ಹುಡುಗರ ಚಿತ್ರ ಕೊಳ್ಳತೊಡಗಿದರು.

1937ರಲ್ಲಿ ಮ್ಯೂನಿಕ್‌ನಲ್ಲಿ ನಾಜಿಗಳು ಒಂದು ಪ್ರದರ್ಶನ ಇಟ್ಟಿದ್ದರು. ಹೆಸರೇ 'ಕೆಟ್ಟುಹೋದ ಕಲೆ'. ಜನ ನೋಡಿ ಹೀಯಾಳಿಸಲಿ ಅಂತ ಆಸ್ಟ್ರಿಯಾದ ಚಿತ್ರಕಾರ ಕೊಕೊಶ್ಕಾ ಮುಂತಾದವರ ಸುಮಾರು 650 ಕೃತಿಗಳನ್ನು ತೂಗುಹಾಕಿದ್ದರು. ಲಾಂಗ್‌ಹ್ಯಾಮರ್‌ಗೆ ಆ ಕೊಕೊಶ್ಕಾ ಅಂದರೆ ಪ್ರಾಣ. ಅವರೂ ಹಾಗೇ ಗಾಢ ಬಣ್ಣವನ್ನು ಅಲಗಿನಿಂದ ದಪ್ಪವಾಗಿ ಬಳಿಯುತ್ತಿದ್ದರು. ಅಲ್ಲಿ ಬೈಗುಳ ತಿಂದ ಚಿತ್ರಗಳ ಅಚ್ಚುಗಳೂ ಪುಸ್ತಕಗಳೂ ನೆಪಿಯನ್ ಸೀ ರೋಡಿನ ಅವರ ಮನೆಯಲ್ಲಿ ಹುಡುಗರ ಕೈಗೆ ಸಿಗುತ್ತಿದ್ದವು. ಆ ಮನೆಯ ಬಾಗಿಲು ಚಿತ್ರ ಬರೆಯುವ ಯಾರಿಗೂ ತೆರೆದಿತ್ತು.

ಬರುತ್ತಿದ್ದ ಹುಡುಗರು ಯಾರು ನೋಡಿ. ಆರಾ, ಅಂದರೆ ಕೃಷ್ಣಾಜಿ ಹೌಲಾಜಿ ಆರಾ, ಸಿಕಂದರಾಬಾದ್ ಹತ್ತಿರದ ಬೊಳಾರಂನವರು. ಚಿಕ್ಕಂದಿನಲ್ಲೇ ಮನೆ ಬಿಟ್ಟು ಓಡಿಬಂದು ಬೊಂಬಾಯಿಯಲ್ಲಿ ಮನೆಗೆಲಸ ಮಾಡಿದರು, ಕಾರು ತೊಳೆದರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೂ ಹೋದರು. ಎಂ. ಎಫ್. ಹುಸೇನ್ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದರು. ಎಸ್. ಎಚ್. ರಜಾ ಹೊಟ್ಟೆಪಾಡಿಗೆ ಅಚ್ಚಿನ ಬ್ಲಾಕ್ ಮಾಡುವ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಗೋವಾದ ಸೂಜಾರನ್ನು ರಾಜಕೀಯದ ಕಾರಣಕ್ಕೆ 1945ರಲ್ಲಿ ಜೆ. ಜೆ. ಕಲಾಶಾಲೆ ಹೊರಹಾಕಿತ್ತು. ಗಾಡೆ, ಬಾಕ್ರೆ ಸೇರಿ ಈ ಆರು ಜನ 1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಎರಡು ವರ್ಷದ ಮೇಲೆ, 1949ರ ಜುಲೈನಲ್ಲಿ, ರಾಂಪಾರ್ಟ್ ರೋನಲ್ಲಿ ಅವರ ಗುಂಪಿನ ಪ್ರದರ್ಶನ. ಉದ್ಘಾಟನೆಗೆ ಬಂದವರು ಲೇಖಕ ಮುಲ್ಕ್ ರಾಜ್ ಆನಂದ್. ಅದೇ ವರ್ಷ ಇನ್ನೊಂದು ಪ್ರದರ್ಶನದಲ್ಲಿ ಸೂಜಾರ ಬೆತ್ತಲೆ ಚಿತ್ರಗಳು ಅಶ್ಲೀಲ ಅಂತ ತೆಗೆಸಿದರು, ಪೊಲೀಸರು ಮನೆಗೆ ಬಂದು ತಡಕಾಡಿದರು. ಸೂಜಾ ಲಂಡನ್‌ಗೆ ಹೊರಟುಹೋದರು. ಅಂಡರ್‌ಗ್ರೌಂಡ್ ಅನ್ನುವ ಪದ ಆಗ ಯಾರೂ ಇವರಿಗೆ ಹಚ್ಚಿರಲಿಲ್ಲ. ಪಾಡು ಮಾತ್ರ ಅದೇ.

ಆರಾ ವಿಷಯ ಬಂದಾಗ ನನ್ನ ಹುಡುಗರು ನೆನಪಾಗುತ್ತಾರೆ. ಮುಂಬಯಿಯ ಫೋರ್ಟ್‌ನಲ್ಲಿ ಕನ್ನಡ ರಾತ್ರಿಶಾಲೆಯೊಂದರಲ್ಲಿ ನಾನು 22 ವರ್ಷ ಚಿತ್ರಕಲೆ ಕಲಿಸಿದೆ. ಹುಡುಗರೆಲ್ಲ ನಮ್ಮ ಕರಾವಳಿಯವರು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬರುವವರು. ಕಪ್ಪು-ಬಸಿ ತೊಳೆದು ತೊಳೆದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಪೆನ್ಸಿಲ್ ಹಿಡಿದು ಗೆರೆ ಎಳೆದರೆ ಕೈ ತಗುಲಿದ ಕಡೆ ಕಾಗದ ಒದ್ದೆ. ಅಳಿಸಲು ಹೋದರೆ ಹರಿದೇ ಹೋಗುತ್ತಿತ್ತು. ಒಂದು ಸಲ ಎಂಟು ಜನರನ್ನು ಒಂದು ಗ್ಯಾಲರಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿದ್ದವರು ಅವರ ಬಟ್ಟೆ ನೋಡಿ, 'ಏನು ಕೆಲಸ ಇಲ್ಲಿ?' ಅಂತ ತಡೆದರು. ನಾನು ಜೋರು ಮಾಡಿ ಒಳಗೆ ಕರೆದುಕೊಂಡು ಹೋದೆ. ಆದರೆ ಹುಡುಗರು ಚಿತ್ರ ನೋಡಲೇ ಇಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಾ ಒಂದು ಸುತ್ತು ಹಾಕಿ ಹೊರಬಂದರು. ಆ ರಾತ್ರಿ ಪಾಠ ಬಿಟ್ಟು ಅವರಿಗೆ ಆರಾ ಕಥೆ ಹೇಳಿದೆ. ಅವರ ಹೂದಾನಿ ಚಿತ್ರದ ಅಚ್ಚು ಕೈಯಿಂದ ಕೈಗೆ ದಾಟಿಸಿದೆ. ಒಬ್ಬ ಕೇಳಿದ: 'ಕಾರು ತೊಳೆಯುವವನ ಚಿತ್ರವನ್ನು ಮೊದಲು ಯಾರು ನೋಡಿದ್ದು ಸರ್?'

ಆ ಪ್ರಶ್ನೆಗೆ ಉತ್ತರದಲ್ಲಿ ಲೈಡನ್ ಮತ್ತು ಲಾಂಗ್‌ಹ್ಯಾಮರ್ ಹೆಸರು ಬರುತ್ತದೆ. ನೋಡಿದರು, 'ಬರೆಯುತ್ತಾ ಇರು' ಅಂದರು. ಪತ್ರಿಕೆಯಲ್ಲಿ ಬರೆದರು, ಗೋಡೆಗೆ ಹಾಕಿಸಿದರು, ದುಡ್ಡು ಕೊಟ್ಟು ಕೊಂಡರು. ತಮ್ಮ ಊರಿನಿಂದ ತಳ್ಳಿಸಿಕೊಂಡವರು ಅವರು. ಬಾಗಿಲಲ್ಲಿ ನಿಲ್ಲಿಸಿ ಯಾರ ಬಟ್ಟೆಯನ್ನೂ ಅಳೆಯಲಿಲ್ಲ. ನನಗೆ ಅವರ ಮೇಲಿರುವ ಗೌರವ ಇದಕ್ಕೇ.

ಹೀಗೆ ಊರು ಬಿಟ್ಟು ಬಂದವರ ಬದುಕೂ ಇಲ್ಲಿ ಸುಖವಾಗೇನೂ ಇರಲಿಲ್ಲ. 1939ರಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಪಾಸ್‌ಪೋರ್ಟ್ ಇದ್ದವರೆಲ್ಲ ಶತ್ರುಗಳಾದರು. ಹಿಟ್ಲರನಿಗೆ ಹೆದರಿ ಓಡಿಬಂದ ಯಹೂದಿಗಳನ್ನೂ ಹಿಟ್ಲರನ ಕಡೆಯವರ ಜೊತೆ ಶಿಬಿರಕ್ಕೆ ಹಾಕಿದರು. ವಿಚಾರಣೆ ನಡೆಸಿ ಎಷ್ಟೋ ಜನರನ್ನು ಬಿಟ್ಟಿದ್ದು ಆಮೇಲೆ.

ಪ್ರಶ್ನೆ: ನಮ್ಮ ಆಧುನಿಕ ಚಿತ್ರಕಲೆ ಯುರೋಪಿನಿಂದ ಬಂದ ಈ ನಿರಾಶ್ರಿತರು ಕೊಟ್ಟ ದಾನ ಎಂದು ಒಬ್ಬರು ಭಾಷಣದಲ್ಲಿ ಹೇಳಿದರು. ನೀವು ಒಪ್ಪುತ್ತೀರಾ? ಹಾಗಿದ್ದರೆ ಹೆಬ್ಬಾರರು ಎಲ್ಲಿ ಬರುತ್ತಾರೆ?
– ಚಿತ್ರಕಲಾ ಶಿಕ್ಷಕರು, ಗದಗ

ಉತ್ತರ: ಖಂಡಿತ ಒಪ್ಪುವುದಿಲ್ಲ. ಹಸಿವು ಇದ್ದವರಿಗೆ ಒಬ್ಬರು ಊಟದ ಮನೆ ತೋರಿಸಿದರು ಅಂದ ಮಾತ್ರಕ್ಕೆ ಹಸಿವನ್ನೂ ಅವರೇ ಕೊಟ್ಟರು ಅನ್ನಲಾಗುತ್ತದೆಯೇ? ಅಮೃತಾ ಶೇರ್ ಗಿಲ್ ಪ್ಯಾರಿಸ್‌ನಲ್ಲಿ ಕಲಿತು ಇಲ್ಲಿಗೆ ಬಂದು ತೀರಿಕೊಂಡಿದ್ದು 1941ರಲ್ಲಿ. ಶಾಂತಿನಿಕೇತನದಲ್ಲಿ ಅದಕ್ಕೂ ಮುಂಚೆ ಕೆಲಸ ನಡೆದಿತ್ತು. ಸೂಜಾ ಎಂಥ ಬೆಂಕಿ ಅಂದರೆ ಯಾರೂ ಬೆಂಕಿಕಡ್ಡಿ ಗೀರಬೇಕಾಗಿರಲಿಲ್ಲ.

ಹೆಬ್ಬಾರರದ್ದು ಇನ್ನೂ ಒಳ್ಳೆಯ ಉದಾಹರಣೆ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ತಂದೆ ಗಣಪತಿ ಮೂರ್ತಿ ಮಾಡುತ್ತಿದ್ದರು. ಬೊಂಬಾಯಿಗೆ ಹೋಗಿ ಮೊದಲು ಕಲಿತದ್ದು ನೂತನ ಕಲಾಮಂದಿರದಲ್ಲಿ, ನಮ್ಮವರೇ ಆದ ದಂಡಾವತಿಮಠರ ಹತ್ತಿರ. ಆಮೇಲೆ ಜೆ. ಜೆ. ಶಾಲೆ. 1940ರಿಂದ 45ರವರೆಗೆ ಅಲ್ಲೇ ಮೇಷ್ಟ್ರು. ಪ್ಯಾರಿಸ್‌ನ ಅಕಾದೆಮಿ ಜೂಲಿಯಾಂ ಕಲಾಶಾಲೆಗೆ ಹೋಗಿದ್ದು 1949ರಲ್ಲಿ. ಅಷ್ಟರಲ್ಲಿ ಅವರು ಜೈನ ಹಸ್ತಪ್ರತಿಯ ಚಿತ್ರ, ರಜಪೂತ ಚಿತ್ರ, ಅಜಂತಾ ಎಲ್ಲವನ್ನೂ ಅರಗಿಸಿಕೊಂಡಿದ್ದರು. ಗೆರೆಯ ಲಯ ಕೈಗೆ ಹತ್ತಲಿ ಅಂತ ಕಥಕ್ ಕೂಡ ಕಲಿತರು. ಪ್ರೋಗ್ರೆಸಿವ್ ಗುಂಪಿಗೆ ಸೇರಲಿಲ್ಲ. ಜಗಳವೂ ಆಡಲಿಲ್ಲ. ಕಾಲಾ ಘೋಡಾದ ಜಹಾಂಗೀರ್ ಗ್ಯಾಲರಿ 1952ರಲ್ಲಿ ತೆರೆಯಿತಲ್ಲ, ಕವಾಸ್‌ಜಿ ಜಹಾಂಗೀರರನ್ನು ಅದಕ್ಕೆ ಒತ್ತಾಯಿಸಿದವರಲ್ಲಿ ಹೋಮಿ ಭಾಭಾ ಜೊತೆ ಹೆಬ್ಬಾರರೂ ಒಬ್ಬರು. ಆಮೇಲೆ ಊರಿಂದೂರಿಗೆ ಬಂದ ಎಷ್ಟು ಬಡ ಹುಡುಗರಿಗೆ ಆ ಗೋಡೆ ಸಿಕ್ಕಿತು, ಯೋಚಿಸಿ.

ನಿಮ್ಮ ಮಕ್ಕಳಿಗೆ ಹೀಗೆ ಹೇಳಿ: ನಿರಾಶ್ರಿತರು ಬಂದಾಗ ಇಲ್ಲಿ ಕೈಗಳು ತಯಾರಾಗಿದ್ದವು. ಕೊಳ್ಳುವವರು, ಬರೆಯುವವರು, ಕೂರಿಸಿ ಮಾತಾಡುವವರು ಕಡಿಮೆ ಇದ್ದರು. ಆ ಜಾಗ ಅವರು ತುಂಬಿದರು.

ಪ್ರಶ್ನೆ: ಆಕಾಶವಾಣಿಯ ಬೆಳಗಿನ ರಾಗ ಹೊರದೇಶದವರದ್ದು ಅಂದರೆ ನಂಬಲೇ ಆಗುತ್ತಿಲ್ಲ!
– ಗೃಹಿಣಿ, ಚಿತ್ರದುರ್ಗ

ಉತ್ತರ: ನಿಜ ಅಮ್ಮ. ವಾಲ್ಟರ್ ಕೌಫ್‌ಮನ್ ಅಂತ ಹೆಸರು. ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾದ್‌ನಲ್ಲಿ ಹುಟ್ಟಿದ ಜರ್ಮನ್ ಮಾತಿನ ಯಹೂದಿ. 1934ರಲ್ಲಿ ಬೊಂಬಾಯಿಗೆ ಬಂದರು. ಕೆಲವು ವರ್ಷ ಬೊಂಬಾಯಿ ರೇಡಿಯೋದಲ್ಲಿ ಕೆಲಸ ಮಾಡಿ 1946ರಲ್ಲಿ ಭಾರತ ಬಿಟ್ಟರು. ನಮ್ಮ ಮನೆಯಲ್ಲಿ ಅಪ್ಪ ಐದೂ ಮುಕ್ಕಾಲಿಗೇ ರೇಡಿಯೋ ಹಾಕಿಬಿಡುತ್ತಿದ್ದರು. ವಾಲ್ವ್ ರೇಡಿಯೋ, ಬಿಸಿ ಆಗಲು ಹೊತ್ತು ಬೇಕು. ಮೊದಲು ಹಳದಿ ದೀಪ, ಆಮೇಲೆ ಸುಮ್ನೆ ಗುಂಯ್ ಸದ್ದು, ಆಮೇಲೆ ಕೆಳಗೆ ತಂಬೂರಿ, ಮೇಲೆ ಆ ಒಂಟಿ ಪಿಟೀಲು. ಅಮ್ಮ ಒಲೆ ಹಚ್ಚುವ ಹೊತ್ತು. ಶಿವರಂಜಿನಿಯ ನೆರಳು ಅದರಲ್ಲಿದೆ ಅನ್ನುತ್ತಾರೆ. 'ಆಕಾಶವಾಣಿ' ಅನ್ನುವ ಹೆಸರು ನಮ್ಮ ಮೈಸೂರಿನದು, 1935ರಲ್ಲಿ ಗೋಪಾಲಸ್ವಾಮಿಯವರು ಮನೆಯಲ್ಲೇ ಶುರು ಮಾಡಿದ ಬಾನುಲಿಯದ್ದು. ರಾಗ ತಮ್ಮ ಊರು ಬಿಟ್ಟು ಬಂದ ಕೌಫ್‌ಮನ್ನರದ್ದು. ಎರಡೂ ಸೇರಿ ನಮ್ಮ ಬೆಳಗು ಆಯಿತು.

ಪ್ರಶ್ನೆ: ಬಾಂಬೆ ಟಾಕೀಸ್‌ನ ಜರ್ಮನ್ನರೂ ಹೀಗೆ ಓಡಿಬಂದವರೇ?
– ಸಿನಿಮಾ ಪ್ರಿಯರು, ಬಳ್ಳಾರಿ

ಉತ್ತರ: ಅಲ್ಲ. ಇಲ್ಲಿ ಹುಷಾರಾಗಿರಬೇಕು. ಹಿಮಾಂಶು ರಾಯ್, ದೇವಿಕಾ ರಾಣಿ 1934ರಲ್ಲಿ ಆ ಸ್ಟುಡಿಯೋ ಕಟ್ಟಿದಾಗ ಜರ್ಮನಿಯಿಂದ ಕೆಲಸಕ್ಕೆ ಕರೆಸಿಕೊಂಡವರು ಅವರು. ನಿರ್ದೇಶಕ ಫ್ರಾಂಜ್ ಓಸ್ಟೆನ್ ನಾಜಿ ಪಕ್ಷದ ಸದಸ್ಯರೂ ಆಗಿದ್ದರು. ಕ್ಯಾಮೆರಾದ ಯೋಸೆಫ್ ವಿರ್ಶಿಂಗ್ ಮಾತ್ರ ಯುದ್ಧ ಮುಗಿದ ಮೇಲೂ ಇಲ್ಲೇ ಉಳಿದು 1967ರಲ್ಲಿ ಬೊಂಬಾಯಿಯಲ್ಲೇ ತೀರಿಕೊಂಡರು. ದೇವಿಕಾ ರಾಣಿಯವರು ಕೊನೆಗೆ ನಮ್ಮ ಕನಕಪುರ ರಸ್ತೆಯ ತಾತಗುಣಿಗೆ ಬಂದಿದ್ದು ನಿಮಗೆ ಗೊತ್ತೇ ಇದೆ. ಒಂದೇ ಊರಿನಲ್ಲಿ, ಒಂದೇ ಭಾಷೆ ಆಡುವವರಲ್ಲಿ, ಒಬ್ಬರು ಹಿಟ್ಲರನ ಪಕ್ಷದವರು, ಇನ್ನೊಬ್ಬರು ಹಿಟ್ಲರನಿಂದ ಮನೆ ಕಳೆದುಕೊಂಡವರು. 'ಜರ್ಮನ್ನರು' ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಾರದು.

ಪ್ರಶ್ನೆ: ನೀವು ಹೇಳಿದವರೆಲ್ಲ ಗಂಡಸರೇ. ಹೆಣ್ಣುಮಕ್ಕಳು ಯಾರೂ ಇರಲಿಲ್ಲವೇ?
– ಓದುಗರು, ಶಿರಸಿ

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಬಿಟ್ಟಿದ್ದು ನನ್ನ ತಪ್ಪು. ವಿಯೆನ್ನಾದ ನರ್ತಕಿ ಹಿಲ್ಡೆ ಹೋಲ್ಗರ್ 1939ರಲ್ಲಿ ಬಂದು ಬೊಂಬಾಯಿಯ ವೈದ್ಯರೊಬ್ಬರನ್ನು ಮದುವೆಯಾಗಿ ಅಲ್ಲಿ ನೃತ್ಯಶಾಲೆ ನಡೆಸಿದರು.

ನನ್ನ ಮನಸ್ಸಿನಲ್ಲಿ ಉಳಿದಿರುವವರು ಚಿತ್ರಕಾರ್ತಿ ಮಾಗ್ದಾ ನಾಹ್ಮನ್. 1889ರಲ್ಲಿ ರಷ್ಯಾದ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಬಹಳ ಒಳ್ಳೆಯ ಗುರುಗಳ ಹತ್ತಿರ ಕಲಿತವರು. ಕವಯಿತ್ರಿ ಮರೀನಾ ತ್ಸ್ವೆತಾಯೆವಾರನ್ನು ಎದುರಿಗೆ ಕೂರಿಸಿಕೊಂಡು 1913ರಲ್ಲಿ ಅವರು ಬರೆದ ಭಾವಚಿತ್ರ ಈಗಲೂ ಇದೆ. ಮದುವೆಯಾಗಿದ್ದು ನಮ್ಮ ದಕ್ಷಿಣದ ಕ್ರಾಂತಿಕಾರಿ ಎಂ. ಪಿ. ಟಿ. ಆಚಾರ್ಯರನ್ನು. ಮದರಾಸಿನವರು, ಬ್ರಿಟಿಷರಿಂದ ತಲೆಮರೆಸಿಕೊಂಡು ಯುರೋಪೆಲ್ಲ ಅಲೆದವರು. ಅಂಡರ್‌ಗ್ರೌಂಡ್ ಅನ್ನುವ ಮಾತು ನಿಜಕ್ಕೂ ಸಲ್ಲಬೇಕಾದದ್ದು ಅವರಿಗೆ. ಇಬ್ಬರೂ ಬರ್ಲಿನ್‌ನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಇದ್ದರು. ಹಿಟ್ಲರ್ ಬಂದ ಮೇಲೆ ಅದನ್ನೂ ಬಿಟ್ಟು ಬೊಂಬಾಯಿಗೆ ಬಂದರು. ಕೈಯಲ್ಲಿ ಕಾಸಿಲ್ಲ. ಮಾಗ್ದಾ ಊರಿನ ಬಡವರನ್ನು, ದುಡಿಯುವ ಹೆಂಗಸರನ್ನು, ಮಕ್ಕಳನ್ನು ಬರೆದರು. ವಿಯೆನ್ನಾದ ಇನ್ನೊಬ್ಬ ವಲಸಿಗ ಚಾರ್ಲ್ಸ್ ಪೆತ್ರಾಸ್ ಬೊಂಬಾಯಿಯಲ್ಲಿ ಪರಭಾಷೆ ಕಲಿಸುವ ಒಂದು ಸಂಸ್ಥೆ ನಡೆಸುತ್ತಿದ್ದರು. ಅದರ ಗೋಡೆಗಳ ಮೇಲೆ ಮಾಗ್ದಾರ ಪ್ರದರ್ಶನ ಅಂತ ಗೊತ್ತಾಯಿತು. ದಿನ 1951ರ ಫೆಬ್ರವರಿ 12. ಚಿತ್ರಗಳು ಗೋಡೆ ಏರಿದ್ದವು. ಉದ್ಘಾಟನೆಗೆ ಕೆಲವೇ ಗಂಟೆ ಇರುವಾಗ ಮಾಗ್ದಾ ತೀರಿಕೊಂಡರು. ಚಿತ್ರ ತೂಗುಹಾಕಿ, ಸ್ವಲ್ಪ ಓರೆ ಆಗಿದೆಯಾ ಅಂತ ಹಿಂದೆ ಸರಿದು ನೋಡುವ ಕ್ಷಣ ಇದೆಯಲ್ಲ, ಚಿತ್ರ ಬರೆಯುವ ಎಲ್ಲರಿಗೂ ಅದು ಗೊತ್ತು. ಆ ಗೋಡೆಯ ಮುಂದೆ ಬಂದ ಜನ ಅವತ್ತು ಏನು ಮಾಡಿರಬಹುದು ಅಂತ ಯೋಚಿಸಿದರೆ ಈಗಲೂ ಸಂಕಟ ಆಗುತ್ತದೆ. ಆಚಾರ್ಯರು ಇನ್ನೂ ಮೂರು ವರ್ಷ ಬದುಕಿದ್ದರು.

ಯಾರಾದರೂ ಸಾಕ್ಷ್ಯಚಿತ್ರ ಮಾಡುವವರು ಈ ಪುಟ ಓದುತ್ತಿದ್ದರೆ ಇವರ ಕಥೆ ಎತ್ತಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ನಮ್ಮ ಬೆಂಗಳೂರಿಗೆ ಇಂಥವರು ಯಾರೂ ಬರಲಿಲ್ಲವೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಬಂದರು. ಒಟ್ಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. 1933ರಲ್ಲಿ ಅವರಿಗೆ ಅಲ್ಲಿನ ದೊಡ್ಡ ವಾಸ್ತುಶಿಲ್ಪ ಬಹುಮಾನ ಬಂತು, ಅದೇ ವರ್ಷ ಯಹೂದಿ ಅಂತ ಕೆಲಸ ಹೋಯಿತು. ಕೆಲವು ಕಾಲ ಈಜಿಪ್ಟ್‌ನಲ್ಲಿದ್ದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1939ರಲ್ಲಿ, ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. 1948ರಲ್ಲಿ ದೆಹಲಿಗೆ ಹೋದರು. ಭುವನೇಶ್ವರದ ಹೊಸ ನಗರದ ನಕ್ಷೆ ಅವರದ್ದೇ.

ನೀವು ಇಂಜಿನಿಯರಿಂಗ್ ಓದುವವರು, ಪುಸ್ತಕ ಬಿಟ್ಟು ಒಂದು ಮಧ್ಯಾಹ್ನ ಹೊರಡಿ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅವರು ಕಟ್ಟಿಸಿದ ಕಟ್ಟಡಗಳಿವೆ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಪೆವಿಲಿಯನ್ ಕೂಡ ಅವರದ್ದೇ. ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಕೂತು ನೋಡಿ. ಬಿಸಿ ದೇಶದ ಮನೆ ಹೇಗಿರಬೇಕು ಅನ್ನುವುದೇ ಮುಂದೆ ಅವರ ಜೀವಮಾನದ ಕೆಲಸವಾಯಿತು. ಲಂಡನ್‌ನಲ್ಲಿ ಅದನ್ನೇ ಪಾಠ ಮಾಡಿದರು, ಅದರ ಮೇಲೇ ಪುಸ್ತಕ ಬರೆದರು. ಆ ಪಾಠ ಅವರು ಕಲಿತಿದ್ದರಲ್ಲಿ ಒಂದು ಪಾಲು ನಮ್ಮ ಊರಿನ ಬಿಸಿಲಿನಲ್ಲಿ.

ಪ್ರಶ್ನೆ: ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ದುಂಡಗಿನ ಬಣ್ಣದ ಎಲೆಗಳು ಸಿಕ್ಕಿವೆ. ದೇವರ ಚಿತ್ರಗಳಿವೆ. ಗಂಜೀಫಾ, ಅಂದರೆ ಹಳೆಯ ಕಾಲದ ಇಸ್ಪೀಟಿನ ಎಲೆ, ಇರಬಹುದು ಅಂದರು. ಒರೆಸಿ ವಾರ್ನಿಷ್ ಹೊಡೆಯಲೇ? ಇದಕ್ಕೂ ಈ ಸಲದ ವಿಷಯಕ್ಕೂ ಸಂಬಂಧ ಇಲ್ಲದಿದ್ದರೆ ಕ್ಷಮಿಸಿ.
– ಶಿಕ್ಷಕಿ, ನಂಜನಗೂಡು

ಉತ್ತರ: ವಾರ್ನಿಷ್ ಖಂಡಿತ ಬೇಡ! ಒದ್ದೆ ಬಟ್ಟೆಯೂ ಬೇಡ. ಸಂಬಂಧ ಇದೆ ಮೇಡಂ, ಪತ್ರ ಓದಿದಾಗ ನನಗೇ ಆಶ್ಚರ್ಯವಾಯಿತು. ಮೇಲೆ ಹೇಳಿದ ಲೈಡನ್ ಇದ್ದರಲ್ಲ, ಅವರಿಗೆ ಇಲ್ಲಿ ಹತ್ತಿದ ದೊಡ್ಡ ಹುಚ್ಚು ಇದೇ. ಊರೂರು ಸುತ್ತಿ ಗಂಜೀಫಾ ಎಲೆ ಕೂಡಿಟ್ಟರು. ಮೈಸೂರಿನ ಎಲೆಗಳ ಮೇಲೆಯೇ 1973ರಲ್ಲಿ ಒಂದು ಪುಸ್ತಕ ಬರೆದರು. ಭಾರತದ ಎಲ್ಲ ಗಂಜೀಫಾ ಬಗ್ಗೆ 1982ರಲ್ಲಿ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಇನ್ನೊಂದು. ಮರುವರ್ಷ ತೀರಿಕೊಂಡರು.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟವನ್ನು ಎಷ್ಟು ಬೆಳೆಸಿದರು ಅಂದರೆ, ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಇದಕ್ಕೇ ಜಾಗ ಇದೆ. ಕೆಲವು ಆಟಕ್ಕೆ 300ಕ್ಕೂ ಜಾಸ್ತಿ ಎಲೆ. ಮೈಸೂರಿನಲ್ಲಿ ಇದನ್ನು ಛದ ಅನ್ನುತ್ತಿದ್ದರು. ದಶಾವತಾರದ ಆಟವಾದರೆ 120 ಎಲೆ, ಒಂದೊಂದು ಅವತಾರಕ್ಕೆ ಹನ್ನೆರಡು.

ಈಗ ಮಾಡಬೇಕಾದ್ದು ಇಷ್ಟು. ಕೈ ಒಣಗಿಸಿಕೊಂಡು ಎಲೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಹಿನ್ನೆಲೆ ಬಣ್ಣ ಒಂದೇ ಇರುವುದನ್ನು ಒಟ್ಟಿಗೆ ಜೋಡಿಸಿ ಎಣಿಸಿ. ಧೂಳಿದ್ದರೆ ಮೃದುವಾದ ಒಣ ಕುಂಚದಿಂದ ಸವರಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಎಲೆಯ ಮೇಲಿನ ಅರಗಿಗೆ ಅಂಟುತ್ತದೆ. ಪ್ರತಿ ಎಲೆಯ ಎರಡೂ ಕಡೆ ಫೋಟೋ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ. ಅಜ್ಜಿಯ ತವರು ಯಾವುದು, ಆ ಪೆಟ್ಟಿಗೆ ಯಾರ ಕೈಯಿಂದ ಬಂತು, ಮನೆಯಲ್ಲಿ ಯಾರಾದರೂ ಆಡಿದ್ದು ನೆನಪಿದೆಯೇ, ಅದನ್ನೂ ಬರೆಯಿರಿ. ಎಲೆ ಎಷ್ಟು ಕಡಿಮೆ ಇದ್ದರೂ ಪರವಾಗಿಲ್ಲ, ಕಳಿಸಿ.